ಸಿಸ್ಟರ್ ಆಂಟಿ ಹೊತ್ತು ತಂದ ಮಾತು

ಮೂರು ವಾರದ ಹಿಂದೆ ವಸಂತಪುರದ ನಮ್ಮ ಮನೆಯ ಮುಂದೆ ಮಳೆನೀರಿಗೆ ಮ್ಯಾನ್‌ಹೋಲ್ ಉಕ್ಕಿ ರಸ್ತೆಯೆಲ್ಲ ಗಲೀಜಾಗಿತ್ತು. ಸರಿಮಾಡಲು ಬಂದವರು ಕೆಲಸ ಮುಗಿಸಿ ಹೋಗುವಾಗ ಗೇಟಿನಿಂದ ಗೇಟಿಗೆ ಬ್ಲೀಚಿಂಗ್ ಪೌಡರ್ ಎರಚಿ ಹೋದರು. ಮಗಳು ಮೂಗು ಹಿಡಿದುಕೊಂಡು, "ಅಮ್ಮಾ, ಸ್ವಿಮ್ಮಿಂಗ್ ಪೂಲ್ ವಾಸ್ನೆ" ಎಂದಳು. ನಾನು ಎದ್ದು ಹೋಗಿ ಒಂದೊಂದೇ ಕಿಟಕಿ ಮುಚ್ಚತೊಡಗಿದೆ. ಮೂರನೆಯ ಕಿಟಕಿಗೆ ಬರುವಷ್ಟರಲ್ಲಿ, ಹೀಗೆ ಕಿಟಕಿ ಮುಚ್ಚುವುದು ನನ್ನ ಅಭ್ಯಾಸವಲ್ಲ ಎನ್ನುವುದು ಹೊಳೆಯಿತು. ಇದು ಸಿಸ್ಟರ್ ಆಂಟಿಯ ಅಭ್ಯಾಸ. ಬೀದಿಯಲ್ಲಿ ಆ ಬಿಳಿ ಪುಡಿಯ ವಾಸನೆ ಬಂದರೆ ಸಾಕು, ಅವರು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು, ಮಾತಿಲ್ಲದೆ ಮನೆಯ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದರು…

ಮದುವೆಗೆ ಮುಂಚೆ ನಾನಿದ್ದ ಮನೆಯ ಓನರ್ ಅವರು. ನಾನು ಗದಗದ ಕಡೆಯಿಂದ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಬಿಟಿಎಂನ ಪಿಜಿಯಲ್ಲಿ ಆರು ತಿಂಗಳು ಇದ್ದು ಸಾಕಾಗಿ, ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಅವರ ಮನೆಯ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಕೆಲಸ ನಾಲ್ಕನೇ ಬ್ಲಾಕಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ. ಪಾಸ್‌ಪೋರ್ಟ್, ವೀಸಾ ಅರ್ಜಿ ತುಂಬಿಕೊಡುವುದು. ವಿದೇಶಕ್ಕೆ ಹೊರಟವರ ಹೆಸರು, ಅಪ್ಪನ ಹೆಸರು, ಮೈಮೇಲಿನ ಮಚ್ಚೆ ಇವನ್ನೆಲ್ಲ ದಿನವಿಡೀ ಬರೆದುಕೊಳ್ಳುತ್ತಿದ್ದ ನಾನು ಅಲ್ಲಿಯವರೆಗೆ ಹೈದರಾಬಾದನ್ನೂ ನೋಡಿದವಳಲ್ಲ.

ಆಂಟಿ ರಿಟೈರ್ ಆದ ನರ್ಸು. ಮದುವೆಯಾಗಿರಲಿಲ್ಲ. ಬೀದಿಯವರೆಲ್ಲ 'ಸಿಸ್ಟರ್' ಎನ್ನುತ್ತಿದ್ದರು, ನಾನು ಅದಕ್ಕೊಂದು 'ಆಂಟಿ' ಸೇರಿಸಿಕೊಂಡೆ. ಒಂದೇ ಅಂತಸ್ತಿನ ಮನೆ, ಮೇಲೆ ಬರೀ ತಾರಸಿ. ಮುಂದೆ ಎರಡು ಕುಂಡ ತುಳಸಿ, ಒಂದು ಸೀಬೆ ಗಿಡ. ಮಾತು ಕಡಿಮೆ. ಮೊದಲ ತಿಂಗಳು ನಮ್ಮಿಬ್ಬರ ನಡುವೆ "ನೀರು ಬಂತು", "ಗೇಟ್ ಹಾಕ್ಕೋ" ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ಎರಡನೆಯ ತಿಂಗಳು ನಾನು ಎಲ್ಲೋ ಏನೋ ತಿಂದು ವಾಂತಿ, ಭೇದಿ ಹಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ಹತ್ತಾದರೂ ನನ್ನ ಬಾಗಿಲು ತೆರೆಯದ್ದನ್ನು ಕಂಡು ಆಂಟಿ ಬಂದು ತಟ್ಟಿದರು. ಒಳಗೆ ಬಂದವರು ಏನನ್ನೂ ಕೇಳಲಿಲ್ಲ. ನನ್ನ ಮುಂಗೈ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಮೈಯ ನೀರು ಎಷ್ಟು ಬತ್ತಿದೆ ಎಂದು ತಿಳಿಯಲು, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿದರು. ಒಂದು ದೊಡ್ಡ ಲೋಟದಲ್ಲಿ ಉಪ್ಪು, ಸಕ್ಕರೆ ಕದಡಿದ ನೀರು ತಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಬಾಯಾರಿದ್ದ ನಾನು ಲೋಟ ಕಸಿದುಕೊಳ್ಳಲು ಹೋದರೆ ಕೈ ಹಿಂದಕ್ಕೆಳೆದುಕೊಂಡರು.

"ಗಟಗಟ ಕುಡೀಬಾರ್ದು. ಎಲ್ಲಾ ಆಚೆ ಬಂದ್ಬಿಡುತ್ತೆ. ಒಂದೊಂದು ಚಮಚ."

ಮಧ್ಯಾಹ್ನ ಕಳೆದು ಬಿಸಿಲು ಗೋಡೆ ದಾಟುವವರೆಗೂ ಅವರು ಹಾಗೆಯೇ ಚಮಚ ಚಮಚ ಕುಡಿಸಿದರು. ನಾನು ಕಣ್ಣು ಮುಚ್ಚಿದಾಗೆಲ್ಲ ತುಟಿಗೆ ತಣ್ಣಗೆ ಚಮಚ ತಾಗುತ್ತಿತ್ತು. "ನೀವು ಹೋಗ್ರೀ ಆಂಟಿ, ಊಟಾ ಮಾಡ್ರಿ, ನಾ ಕುಡೀತೀನಿ" ಎಂದರೆ, "ನಾನಿಲ್ಲಿ ಕೂತ್ರೆ ನಿಂಗೇನು ಕಷ್ಟ?" ಎಂದರು. ನಮ್ಮ ಅವ್ವ ಕೂಡ ಅಷ್ಟು ಹೊತ್ತು ಒಂದೇ ಕಡೆ ಕೂತವಳಲ್ಲ. ಅಂದಿನಿಂದ ಸಂಜೆಯ ಕಾಫಿಗೆ ನಾನು ಅವರ ಅಡುಗೆಮನೆಗೇ ಹೋಗತೊಡಗಿದೆ.

ಆ ಕಾಗದ ಬಂದದ್ದು ಮರುವರ್ಷ. ಕೊರಿಯರಿನವನು ಕೊಟ್ಟುಹೋದ ದಪ್ಪ ಲಕೋಟೆ, ಒಳಗೆ ಇಂಗ್ಲಿಷಿನಲ್ಲಿ ಎರಡು ಪುಟ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಆಂಟಿ ನನ್ನ ಕೈಗಿತ್ತರು. ಬಾಂಗ್ಲಾದೇಶದ ಸರ್ಕಾರದ ಕಾಗದ. ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ತಮ್ಮ ಜನರ ಜೊತೆಗೆ ನಿಂತ ವಿದೇಶಿ ಗೆಳೆಯರನ್ನು ಹುಡುಕಿ ಕರೆಸಿ ಗೌರವಿಸುತ್ತಿದ್ದೇವೆ, ತಾವೂ ಬರಬೇಕು ಎಂದಿತ್ತು. ಆಗ ಆಂಟಿಯ ತಂಡದಲ್ಲಿದ್ದ ಒಬ್ಬ ಡಾಕ್ಟರು ಅವರ ಹೆಸರು, ವಿಳಾಸ ಕೊಟ್ಟಿದ್ದರಂತೆ.

ನಾನು ಬೆರಗಾಗಿ ನೋಡಿದೆ. ಆಂಟಿಗೆ ನಗು ಬಂದಿತ್ತು.

"ನೋಡೇ, ನಾನು ಫಾರಿನರ್ ಅಂತೆ! ಚನ್ನಪಟ್ಟಣದಲ್ಲಿ ಹುಟ್ಟಿದೋಳು."

"ನೀವು ಯುದ್ಧಕ್ಕ ಹೋಗಿದ್ರೇನ್ರೀ?"

"ಯುದ್ಧಕ್ಕೆ ಯಾರು ಹೋಗ್ತಾರೆ? ಕಾಲರಾಗೆ ಹೋಗಿದ್ದೆ" ಎಂದು ಕಾಗದವನ್ನು ಮಡಚಿ ಹಳೆಯ ಪೇಪರುಗಳ ಕಟ್ಟಿನ ಮೇಲಿಟ್ಟರು. "ಹೋಗಲ್ಲ. ನಾಳೆ ಒಂದು ಇ-ಮೇಲ್ ಹಾಕ್ಬಿಡು, ಮಂಡಿ ನೋವು ಅಂತ."

ಮಂಡಿ ನೋವು ಇದ್ದದ್ದು ನಿಜ. ಆದರೆ ಅದೇ ಮಂಡಿಯಲ್ಲಿ ಅವರು ದಿನಾ ಎರಡು ಸಲ ತಾರಸಿ ಹತ್ತಿ ಇಳಿಯುತ್ತಿದ್ದರು. ನಾನು ಇ-ಮೇಲ್ ಹಾಕಲಿಲ್ಲ. ನಾಲ್ಕೈದು ದಿನ ಬಿಟ್ಟು, ಭಾನುವಾರ ಹಿತ್ತಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ ಮತ್ತೆ ಕೇಳಿದೆ.

"ಆಂಟಿ, ಖರೇ ಹೇಳ್ರಿ. ಯಾಕ ಹೋಗಂಗಿಲ್ಲ ಅಂತೀರಿ?"

ಅವರು ಕೈಯಲ್ಲಿದ್ದ ದಂಟನ್ನು ಮುರಿಯುತ್ತಲೇ ಹೇಳತೊಡಗಿದರು.

ಆಗ ಅವರಿಗೆ ಇಪ್ಪತ್ತಮೂರು. ಬೆಂಗಳೂರಿನಿಂದ ಇಬ್ಬರು ಡಾಕ್ಟರು, ನಾಲ್ವರು ನರ್ಸುಗಳ ತಂಡ ರೈಲು ಹತ್ತಿತ್ತು. ಬಂಗಾಳದ ಗಡಿಯಲ್ಲಿ, ಆಚೆಯಿಂದ ಪ್ರಾಣ ಉಳಿಸಿಕೊಂಡು ಓಡಿಬಂದವರ ಶಿಬಿರದಲ್ಲಿ ಎರಡು ತಿಂಗಳ ಕೆಲಸ ಎಂದಿದ್ದರು. ಹೋಗಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಜನ. ಗುಡಾರ ಸಾಲದೆ ರಸ್ತೆಗೆ ಹಾಕುವ ಸಿಮೆಂಟ್ ಪೈಪಿನೊಳಗೆ ಸಂಸಾರ. ಮಳೆ, ಕೆಸರು, ಕೆಸರಿನ ಮೇಲೆಲ್ಲ ಬ್ಲೀಚಿಂಗ್ ಪೌಡರ್. ತಗಡಿನ ಶೆಡ್ಡೇ ಆಸ್ಪತ್ರೆ. ಮಂಚ ಇಲ್ಲ, ಚಾಪೆಯ ಮೇಲೇ ರೋಗಿಗಳು. ಕಾಲರಾ ಬಂದವರ ನರಕ್ಕೆ ಸಲೈನ್ ಏರಿಸಬೇಕು. ಸಲೈನ್ ಬಾಟಲಿ ಸಾಲುತ್ತಿರಲಿಲ್ಲ.

"ಹೋಗಿ ಒಂದು ವಾರಾನೂ ಆಗಿರ್ಲಿಲ್ಲ. ಒಂದು ಅಕ್ಷರ ಬೆಂಗಾಲಿ ಬರ್ತಿರ್ಲಿಲ್ಲ ನಂಗೆ. ಬೆಳಿಗ್ಗೆ ಒಬ್ಬಳು ಎರಡು ಮಕ್ಕಳನ್ನ ಎತ್ಕೊಂಡು ಬಂದ್ಲು. ಒಂದು ಹುಡುಗಿ, ನಾಲ್ಕು ವರ್ಷ ಇರ್ಬೇಕು. ಒಂದು ಕೂಸು, ಗಂಡು. ಎರಡಕ್ಕೂ ಅದೇ. ನನ್ನ ಹತ್ರ ಒಂದೇ ಬಾಟ್ಲಿ ಇತ್ತು."

ಮೊದಲು ಹುಡುಗಿಗೇ ಹಾಕಲು ನೋಡಿದರಂತೆ. ನರ ಸಿಗಲಿಲ್ಲ. ಮೂರು ಸಲ ಚುಚ್ಚಿದರೂ ಸಿಗಲಿಲ್ಲ. ಕೂಸಿನ ಕಾಲಿನಲ್ಲಿ ನರ ಕಾಣುತ್ತಿತ್ತು. ಬಾಟಲಿಯನ್ನು ಕೂಸಿಗೆ ಹಾಕಿದರು. ಕೂಸು ಸ್ವಲ್ಪ ಚೇತರಿಸಿಕೊಂಡಿತು. ಅಷ್ಟರಲ್ಲಿ ಊರಿನ ದೊಡ್ಡ ಆಸ್ಪತ್ರೆಗೆ ಲಾರಿ ಹೊರಟಿತ್ತು. ಬದುಕುವಂತೆ ಕಂಡವರನ್ನಷ್ಟೇ ಅದರಲ್ಲಿ ಕಳಿಸುತ್ತಿದ್ದರು. ತಾಯಿ, ಕೂಸು ಹೋಗಬೇಕು. ಹುಡುಗಿ ಚಾಪೆಯ ಮೇಲೆ ಉಳಿಯಬೇಕು. ಹಾಗೆಂದು ಸನ್ನೆಯಲ್ಲಿ ಹೇಳುವ ಪಾಳಿ ಆಂಟಿಗೇ ಬಂತು.

"ಅವಳು ಕೂಸನ್ನ ಎತ್ಕೊಂಡು ಬಾಗ್ಲು ತನಕ ಹೋದೋಳು ತಿರುಗಿ ಬಂದು ನನ್ನ ಸೆರಗು ಹಿಡ್ಕೊಂಡ್ಲು. ಮುಖಕ್ಕೆ ಮುಖ ಕೊಟ್ಟು ಏನೋ ಹೇಳಿದ್ಲು. ಎರಡು ಸಲ. 'ಥೂ' ಅಂತ ಇತ್ತು ಅದ್ರಲ್ಲಿ. ಇವತ್ತಿಗೂ ಕಿವೀಲಿದೆ… ಬೈದ್ಲು. ಬೈಯೋದು ನ್ಯಾಯಾನೇ. ಅವಳ ಮಗಳನ್ನ ಬಿಟ್ಟು ಬಾಟ್ಲಿ ಇನ್ನೊಂದಕ್ಕೆ ಹಾಕಿದ್ದು ನಾನು ತಾನೆ?"

ಹುಡುಗಿ ಮಧ್ಯಾಹ್ನದ ಹೊತ್ತಿಗೆ ಹೋಯಿತು. ಆಂಟಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ನೀರು ಹಾಕುತ್ತಾ ಕೂತಿದ್ದವರು, ಹೋದ ಮೇಲೂ ಏಳಲಿಲ್ಲ. ಕಾಲು ಬರಲಿಲ್ಲ ಎಂದರು. ಸಂಜೆ ಹೆಣ ಎತ್ತುವವರು ಬರುವವರೆಗೂ ಅಲ್ಲೇ ಕೂತಿದ್ದರು. ತಂಡದ ಹಿರಿಯ ನರ್ಸು ಬಂದು, ಬದುಕಿರೋರು ಅಷ್ಟು ಜನ ಬಿದ್ದಿದ್ದಾರೆ, ನೀನು ಸತ್ತಿರೋದನ್ನ ಹಿಡ್ಕೊಂಡು ಕೂತಿದೀಯ ಎಂದು ಎಲ್ಲರೆದುರು ಬೈದರಂತೆ. ಆ ತಾಯಿ ಮತ್ತೆ ಕಾಣಲಿಲ್ಲ.

ಆಮೇಲೆ ಒಬ್ಬ ಡಾಕ್ಟರು ಉಪ್ಪು, ಗ್ಲೂಕೋಸ್, ಸೋಡಾ ಪುಡಿ ಕದಡಿದ ನೀರನ್ನು ಬಾಯಿಂದಲೇ ಕುಡಿಸುವುದನ್ನು ಹೇಳಿಕೊಟ್ಟರು. ಇವರು ಡ್ರಮ್ಮುಗಟ್ಟಲೆ ಕದಡಿದರು. ತಾಯಂದಿರೇ ಕೂತು ಮಕ್ಕಳಿಗೆ ಕುಡಿಸಿದರು. ಸಾವು ಇಳಿಯಿತು. ಎರಡು ತಿಂಗಳಿಗೆಂದು ಹೋದವರು ಏಳು ತಿಂಗಳು ಉಳಿದರು. ಯುದ್ಧ ಮುಗಿದು ಜನ ಗಂಟುಮೂಟೆ ಕಟ್ಟಿ ಹಿಂದಿರುಗಿದಾಗ ಅವರ ಜೊತೆಗೇ ಗಡಿ ದಾಟಿ, ಸುಟ್ಟುಹೋಗಿದ್ದ ಒಂದು ಸಣ್ಣ ಊರಿನ ಶಾಲೆಯಲ್ಲಿ ಕೆಲವು ವಾರ ದವಾಖಾನೆ ನಡೆಸಿ ಬಂದರು.

"ಆಗ ಪಾಸ್‌ಪೋರ್ಟ್ ಕೇಳೋರು ಯಾರಿದ್ರು? ಗಡೀಲಿ ಅಡ್ಡ ಕಟ್ಟಿದ್ದ ಬಿದಿರು ಗಳ ಎತ್ತಿದ್ರು, ನಾವು ಹೋದ್ವಿ, ಅಷ್ಟೆ."

"ಅಷ್ಟ್ ಮಂದೀನ್ನ ಉಳಿಸೀರಲ್ರೀ ಆಂಟಿ. ಅದಕ್ಕ ಕರಿಯಾಕತ್ತಾರ."

"ಆ ದೇಶದೋಳೊಬ್ಬಳು ನಂಗೆ ಥೂ ಅಂದಿದಾಳೆ. ಶಾಲು ಹೊದಿಸ್ಕೊಳೋಕೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಸೊಪ್ಪಿನ ಬುಟ್ಟಿ ತುಂಬಿತ್ತು. ಆ ಮಾತು ಪೂರಾ ನೆನಪಿದೆಯೇ ಎಂದು ಕೇಳಿದೆ. ಅವರು ನನ್ನತ್ತ ನೋಡದೆ, ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿದರು: "ಓರೆ ಎಕ್ಲಾ ಥುಯ್ಯಾ ಜಾಯ್ಯೋ ನಾ ಗೋ ಬೊಯಿನ್."

"ಇಷ್ಟ್ ವರ್ಷ ಯಾರನ್ನೂ ಕೇಳ್ಲಿಲ್ಲೇನ್ರೀ ಇದರ ಅರ್ಥಾ?"

"ಕೇಳಿದ್ರೆ ಗೊತ್ತಾಗ್ಬಿಡುತ್ತಲ್ಲಾ" ಎಂದರು.

ಏಳು ತಿಂಗಳು ಅಲ್ಲಿದ್ದವರು ಒಂದಿಷ್ಟು ಬಂಗಾಳಿ ಕಲಿತೇ ಇರುತ್ತಾರೆ. ಆ ಮಾತಿನ ಒಂದೆರಡು ಪದವಾದರೂ ಅವರಿಗೆ ಆಮೇಲೆ ತಿಳಿದಿರಬೇಕು ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಆ 'ಥೂ' ಎಂಬ ಸದ್ದು ಎಷ್ಟು ದೊಡ್ಡದಾಗಿ ಕೂತಿತ್ತೋ, ಅದರಾಚೆ ಏನೂ ಕೇಳಿಸಿರಲಿಕ್ಕಿಲ್ಲ…

ಎದುರು ಮನೆಗೆ ಅಡುಗೆಗೆ ಬರುತ್ತಿದ್ದಾಕೆ ಬಂಗಾಳದವಳು. ಸಿದ್ದಾಪುರದಲ್ಲಿ ಒಂದು ಕೋಣೆಯಲ್ಲಿ ಗಂಡನ ಜೊತೆಗಿದ್ದಳು. ಬೀದಿಗೆಲ್ಲ ಅವಳು 'ದೀದಿ'. ಮೂರು ದಿನ ನಾನು ಆಂಟಿಯ ಹಿಂದೆ ಬಿದ್ದೆ. ನಾಲ್ಕನೆಯ ದಿನ, "ಕರಿ ಹೋಗು, ಆಗಿದ್ದಾಗ್ಲಿ" ಎಂದರು. ದೀದಿ ಕೆಲಸ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬಂದಳು. ಅವಳಿಗೆ ವಿಷಯವೇನೆಂದು ನಾನು ಹೇಳಿರಲಿಲ್ಲ. ಆಂಟಿ ಅವಳಿಗೊಂದು ಲೋಟ ಕಾಫಿ ಕೊಟ್ಟು, ಹಿತ್ತಲ ಬಾಗಿಲಿಗೆ ಒರಗಿ ನಿಂತರು. ಆ ಮಾತನ್ನು ಹೇಳಿದರು.

ದೀದಿ ಹುಬ್ಬು ಗಂಟಿಕ್ಕಿದಳು. "ಆಂಟಿ, ಇನ್ನೊಂದ್ ಸಾರಿ ಬೋಲಿಯೇ."

ಆಂಟಿ ಮತ್ತೆ ಹೇಳಿದರು. ದೀದಿಯ ಮುಖ ಅರಳಿತು.

"ಅರೇ! ಇದು ಓಪಾರ್ ಭಾಷೆ, ಆ ಕಡೆದು. ನಮ್ ಅಜ್ಜಿ ಹೀಗೇ ಮಾತಾಡ್ತಿದ್ರು. ನಿಮ್ಗೆ ಹೇಗೆ ಬರ್ತದೆ?"

"ಥೂ ಅಂದ್ರೆ?" ಎಂದು ಕೇಳಿದವಳು ನಾನು.

"ಥೂ ಅಲ್ಲ. ಥುಯ್ಯಾ." ದೀದಿಗೆ ಕನ್ನಡದ ಪದ ಸಿಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟು, ನಾಲ್ಕು ಹೆಜ್ಜೆ ಆಚೆ ನಡೆದು ತಿರುಗಿ ನಿಂತಳು. "ಇದು. ಇಟ್ಟು ಹೋಗೋದು. 'ಅವಳ್ನ ಒಬ್ಳೇ ಬಿಟ್ಟು ಹೋಗ್ಬೇಡ ಅಕ್ಕಾ' ಅಂತ. ಬೊಯಿನ್ ಅಂದ್ರೆ ಬೆಹೆನ್."

"ಬೈದಿದ್ದಲ್ವಾ?" ಆಂಟಿಯ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಬೈಯೋದು ಎಲ್ಲಿ ಆಂಟಿ? ಕೈ ಮುಗ್ದು ಕೇಳೋದು ಇದು."

ಆಂಟಿ ಬಾಗಿಲ ಹೊಸ್ತಿಲ ಮೇಲೆ ಕೂತರು. ನಾನು ಹತ್ತಿರ ಹೋದೆ. ನನ್ನ ಮೊಣಕೈ ಹಿಡಿದುಕೊಂಡು, "ನಾನು ಹೋಗಿರ್ಲಿಲ್ಲ ಕಣೇ" ಎಂದರು. "ಎದ್ದೇ ಇರ್ಲಿಲ್ಲ ನಾನು. ಬೈದ್ರೂ ಎದ್ದಿರ್ಲಿಲ್ಲ." ಅದನ್ನೇ ಮೂರು ನಾಲ್ಕು ಸಲ ಹೇಳಿದರು. ದೀದಿಗೆ ಏನೂ ಅರ್ಥವಾಗದೆ ಗಾಬರಿಯಿಂದ ಅವರ ಬೆನ್ನು ಸವರತೊಡಗಿದಳು. ಆಂಟಿ ಜೋರಾಗಿ ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ದೀದಿಯ ಕಾಫಿ ಆರಿಹೋಗಿದೆ, ಬಿಸಿ ಮಾಡಿಕೊಡು ಎಂದು ನನಗೆ ಹೇಳಿದರು.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಗೇಟಿನ ಹತ್ತಿರ ಒಂದು ಹಳೆಯ ಫೈಲು ಹಿಡಿದು ನಿಂತಿದ್ದರು. "ಪಾಸ್‌ಪೋರ್ಟಿಗೆ ಏನೇನು ಬೇಕೋ ನೋಡು."

ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಒಂದು ರೀತಿ, ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಇನ್ನೊಂದು ರೀತಿ. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚುಮಾಡಿದ ಅರ್ಜಿ ಅದು. ವಿಚಾರಣೆಗೆ ಬಂದ ಪೊಲೀಸಿನವರು ವರಾಂಡದಲ್ಲಿ ಕೂತು ಕೇಳಿದರು.

"ಯಾವ್ ದೇಶಕ್ಕೆ ಮೇಡಂ? ಮಕ್ಕಳಿದಾರಾ ಅಲ್ಲಿ?"

"ಇಲ್ಲಪ್ಪ. ಬಾಂಗ್ಲಾದೇಶಕ್ಕೆ. ಹಿಂದೆ ಒಂದ್ಸಲ ಹೋಗಿದ್ದೆ."

"ಹಂಗಾದ್ರೆ ಹಳೇ ಪಾಸ್‌ಪೋರ್ಟ್ ತೋರ್ಸಿ."

"ಅದು ಇರ್ಲಿಲ್ಲ."

ನಾನು ಹಿಂದಿನಿಂದ ಅವರ ಭುಜ ಒತ್ತಿದೆ. ಪೊಲೀಸಿನವರು ಪೆನ್ನು ಎತ್ತಿ ನೋಡಿದರು. ಆಮೇಲೆ ನಾನು ಕಾಗದ ತಂದು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾಯಿತು. ಎಲ್ಲ ಕೇಳಿದ ಮೇಲೆ ಅವರು ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, "ಹೋಗ್ಬನ್ನಿ ಅಮ್ಮ" ಎಂದರು. ಅಷ್ಟು ಹೊತ್ತು ಮೇಡಂ ಎನ್ನುತ್ತಿದ್ದವರು.

ಹೊರಡುವ ದಿನ ಏರ್‌ಪೋರ್ಟ್ ಬಸ್ಸಿನಲ್ಲಿ ನಾನೂ ಹೋಗಿದ್ದೆ. ಆಂಟಿಯ ಕಾಲಿಗೆ ಹೊಸ ಬೂಟು, ಮೈಮೇಲೆ ಹಳೆಯ ಕಾಟನ್ ಸೀರೆ. ಒಳಗೆ ಹೋಗುವ ಬಾಗಿಲಲ್ಲಿ ತಿರುಗಿ ನೋಡಿ, ತುಳಸಿಗೆ ನೀರು ಹಾಕು ಎಂದರು. ಅಷ್ಟೇ.

ಐದು ದಿನದ ಮೇಲೆ ಬಂದರು. ಮರದ ಚೌಕಟ್ಟಿನ ಒಂದು ಫಲಕ, ಒಂದು ಜಾಮದಾನಿ ಸೀರೆ. ಸೀರೆಯನ್ನು ದೀದಿಗೆ ಕೊಟ್ಟರು. ಫಲಕ ಬೀರುವಿಗೆ ಹೋಯಿತು. ನಾನು ಬಿಡದೆ ಕೇಳಿದೆ, ಅಲ್ಲಿ ಏನೇನಾಯಿತೆಂದು. ದೊಡ್ಡ ಸಭಾಂಗಣ, ಎಲ್ಲೆಲ್ಲಿಂದಲೋ ಬಂದಿದ್ದ ಮುದುಕರು, ಮುದುಕಿಯರು. ಪಕ್ಕದ ಕುರ್ಚಿಯಲ್ಲಿ ಕೋಲು ಹಿಡಿದ ಒಬ್ಬ ಬಿಳಿಯ ಮನುಷ್ಯ. ಆ ಕಾಲದಲ್ಲಿ ಔಷಧಿಯ ಲಾರಿ ಓಡಿಸಿದವನಂತೆ. ಅವನ ಇಂಗ್ಲಿಷು ಇವರಿಗೆ ತಿಳಿಯದು, ಇವರದು ಅವನಿಗೆ. ಊಟದ ಹೊತ್ತಿನಲ್ಲಿ ಅವನು ತನ್ನ ತಟ್ಟೆಯ ಮೀನನ್ನು ಬೆರಳಲ್ಲೇ ಮುಳ್ಳು ಬಿಡಿಸಿ ತಿಂದದ್ದನ್ನು ನೋಡಿ, ಇವನು ನಿಜವಾಗಿಯೂ ಅಲ್ಲಿದ್ದವನೇ ಎಂದು ಗೊತ್ತಾಯಿತು ಎಂದು ನಕ್ಕರು.

ಆಮೇಲೆ ನಗು ನಿಲ್ಲಿಸಿ ಹೇಳಿದರು. "ಆ ಕೂಸಿಗೆ ಈಗ ನಲವತ್ತು ದಾಟಿರುತ್ತೆ ಅಲ್ವೇನೇ? ಅಲ್ಲಿ ನಲವತ್ತು ದಾಟಿದ ಗಂಡಸ್ರನ್ನೆಲ್ಲಾ ನೋಡ್ತಾ ಇದ್ದೆ. ಡ್ರೈವರು, ಊಟ ಬಡ್ಸೋರು, ಫೋಟೋ ತೆಗೆಯೋರು."

"ಹೆಂಗ ಗೊತ್ತಾಗ್ಬೇಕ್ರೀ ಆಂಟಿ?"

"ಗೊತ್ತಾಗೋದೇನು ಬಂತು… ಎಲ್ಲಾರೂ ಚೆನ್ನಾಗಿದ್ರು."

ಮುಂದೆ ನಾನು ಮದುವೆಯಾಗಿ ಕೋಣೆ ಬಿಟ್ಟೆ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಮಗಳು ಹುಟ್ಟಿದಾಗ ಆಂಟಿ ಎರಡು ಬಸ್ಸು ಬದಲಾಯಿಸಿ ಬಂದು, ಒಂದು ವಾರ ನಮ್ಮ ಮನೆಯಲ್ಲೇ ಇದ್ದು ಬಾಣಂತನಕ್ಕೆ ಕೈಜೋಡಿಸಿದರು. ಆಮೇಲೆ ಭೇಟಿ ಹಬ್ಬಕ್ಕೊಮ್ಮೆ ಆಯಿತು. ಆಮೇಲೆ ಫೋನು. ಆಮೇಲೆ ಫೋನ್ ಮಾಡಬೇಕು ಎಂದುಕೊಳ್ಳುವುದಷ್ಟೇ ಉಳಿಯಿತು. ಅವರ ತಮ್ಮನ ಮಗಳು ಒಂದು ದಿನ ನನಗೆ ಮೆಸೇಜು ಹಾಕಿದಳು. ನಿದ್ದೆಯಲ್ಲೇ ಹೋದರಂತೆ. ಆಗಲೇ ಮೂರು ವಾರ ಕಳೆದಿತ್ತು. ಆಂಟಿಯ ಡೈರಿಯಲ್ಲಿದ್ದ ನಂಬರುಗಳಿಗೆಲ್ಲ ಒಂದೊಂದಾಗಿ ತಿಳಿಸುತ್ತಿದ್ದೇನೆ ಎಂದು ಬರೆದಿದ್ದಳು. ಆ ದಿನ ನಾನು ಆಫೀಸಿನಲ್ಲಿ ಯಾರದೋ ಅರ್ಜಿಯನ್ನು ಎರಡು ಸಲ ತಪ್ಪು ತುಂಬಿದೆ… ದೀದಿಯೂ ಅಷ್ಟರಲ್ಲಿ ಊರಿಗೆ ವಾಪಸಾಗಿದ್ದಳು. ಅವಳಿಗೆ ತಿಳಿಸಲು ನನ್ನ ಬಳಿ ಇದ್ದ ನಂಬರು ಚಾಲ್ತಿಯಲ್ಲಿರಲಿಲ್ಲ.

ಆ ಶಿಬಿರ ಯಾವ ಊರಿನದೆಂದು ನಾನು ಕೇಳಿಯೇ ಇರಲಿಲ್ಲ. ಗಡಿಯಾಚೆ ಅವರು ದವಾಖಾನೆ ನಡೆಸಿದ ಶಾಲೆ ಯಾವುದು, ಅದೂ ಗೊತ್ತಿಲ್ಲ. ಮಗಳಿಗೆ ಅಜ್ಜಿಯೊಬ್ಬರಿದ್ದರು ಎಂದು ಕಥೆ ಹೇಳತೊಡಗಿದರೆ, ಅವಳು ಕೇಳುವ ಎರಡನೆಯ ಪ್ರಶ್ನೆಗೇ ನನ್ನಲ್ಲಿ ಉತ್ತರವಿರುವುದಿಲ್ಲ.

ಹೋದ ಭಾನುವಾರ ಒಬ್ಬಳೇ ಜಯನಗರಕ್ಕೆ ಹೋಗಿದ್ದೆ. ಮನೆ ಮಾರಾಟವಾದದ್ದು ತಿಳಿದಿತ್ತು, ನೋಡಿರಲಿಲ್ಲ. ಆ ಜಾಗದಲ್ಲಿ ಈಗ ಐದಂತಸ್ತಿನ ಅಪಾರ್ಟ್‌ಮೆಂಟು. ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಸೆಕ್ಯುರಿಟಿಯ ವಯಸ್ಸಾದ ಮನುಷ್ಯ ಕುರ್ಚಿಯಿಂದ ಎದ್ದು ರಿಜಿಸ್ಟರ್ ತೆರೆದ.

"ಯಾರ್ ಬೇಕಿತ್ತು ಮೇಡಂ?"

"ಇಲ್ಲಿ ಒಬ್ಬರು ಸಿಸ್ಟರ್ ಇದ್ರು. ನರ್ಸು."

"ಯಾವ್ ಫ್ಲೋರು?"

"ಗ್ರೌಂಡ್ ಫ್ಲೋರು" ಎಂದೆ.

ಆತ ರಿಜಿಸ್ಟರ್ ಮುಚ್ಚಿ, ನನ್ನ ಮುಖ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ. "ಗ್ರೌಂಡ್ ಫ್ಲೋರಲ್ಲಿ ಯಾರೂ ಇಲ್ಲ ಮೇಡಂ. ಬರೀ ಪಾರ್ಕಿಂಗು."

ಇಲ್ಲ ಎನ್ನುವುದು ನನಗೆ ಗೊತ್ತಿತ್ತು. ಆದರೂ ಯಾರಾದರೊಬ್ಬರು ಅದನ್ನು ನನ್ನೆದುರು ಬಾಯಿಬಿಟ್ಟು ಹೇಳಬೇಕಿತ್ತೇನೋ… "ಹೌದಾ, ಸರಿ ಅಣ್ಣ" ಎಂದೆ. ಕಣ್ಣೀರು ಬಂದದ್ದು ಬಸ್ ಸ್ಟಾಪಿಗೆ ಬಂದ ಮೇಲೆ.